ರಾಮಾನುಜನ್ನರ ಜೀವನದ ಆಕರಗಳು : ಒಂದು ವಿಮರ್ಶೆ

ಶ್ರೀನಿವಾಸ ರಾಮಾನುಜನ್ನರ (1887–1920) ಹೆಸರನ್ನು ಕೇಳದ ವಿದ್ಯಾವಂತರು ನಮ್ಮಲ್ಲಿ ವಿರಳ. ಅವರ ಜೀವನದ ಕಥೆಯೂ ಸರ್ವವಿದಿತವಾದುದೇ. ಕುಂಭಕೋಣದ ಬಡ ಮನೆತನ, ಗುರುವಿಲ್ಲದ ವಿದ್ಯೆ, ಪರೀಕ್ಷೆಗಳಲ್ಲಿ ಸೋಲು, ಮದರಾಸಿನ ಗುಮಾಸ್ತಗಿರಿ, ಕೇಂಬ್ರಿಜ್ಜಿಗೆ ಬರೆದ ಪತ್ರ, ಹಾರ್ಡಿಯವರ ಆಹ್ವಾನ, ಐದು ವರ್ಷಗಳ ಕೀರ್ತಿ, ಮೂವತ್ತಮೂರು ತುಂಬುವ ಮೊದಲೇ ಮರಣ—ಈ ಕ್ರಮದಲ್ಲಿ ಅದು ಪಠ್ಯಪುಸ್ತಕಗಳಲ್ಲಿಯೂ ಭಾಷಣಗಳಲ್ಲಿಯೂ ನಡೆದುಬಂದಿದೆ. ಈ ಕಥೆ ಸುಳ್ಳೆಂದು ನಾವು ಹೇಳುವುದಿಲ್ಲ. ಆದರೆ ಇದರ ಒಂದೊಂದು ಸಂಗತಿಯೂ ಯಾವ ಸಾಕ್ಷಿಯ ಬಾಯಿಂದ ಬಂದುದು, ಆ ಸಾಕ್ಷಿ ಯಾವುದನ್ನು ಕಣ್ಣಾರೆ ಕಂಡದ್ದು, ಯಾವುದನ್ನು ಕೇಳಿ ಬರೆದದ್ದು, ಯಾವುದನ್ನು ಕೇಳುವ ಅವಕಾಶವಿದ್ದೂ ಕೇಳದೆ ಬಿಟ್ಟದ್ದು ಎಂಬ ಪ್ರಶ್ನೆಗಳನ್ನು ಇಟ್ಟುಕೊಂಡು ಮೂಲಗಳನ್ನು ಓದಿದರೆ, ಕಥೆಯ ಬಣ್ಣ ಹಲವು ಕಡೆ ಬದಲಾಗುತ್ತದೆ. ಗಣಿತದ ಗುಣದೋಷಗಳನ್ನು ತೂಗುವ ಅಧಿಕಾರ ನಮಗಿಲ್ಲ. ಆಕರಗಳನ್ನು ತೂಗುವುದು ಮಾತ್ರ ಇತಿಹಾಸದ ವಿದ್ಯಾರ್ಥಿಯ ಕೆಲಸವೇ ಆಗಿರುವುದರಿಂದ ಅಷ್ಟರ ಮಟ್ಟಿಗೆ ಈ ವಿಷಯವನ್ನು ಕೈಗೊಂಡಿದ್ದೇವೆ.

ಮೊದಲನೆಯದಾಗಿ ಮುಖ್ಯ ಆಕರಗಳಾವುವು? 1927ರಲ್ಲಿ ಕೇಂಬ್ರಿಜ್ಜಿನಿಂದ ರಾಮಾನುಜನ್ನರ ಲೇಖನಗಳ ಸಂಗ್ರಹ ಹೊರಬಿದ್ದಿತು. ಹಾರ್ಡಿ, ಶೇಷು ಅಯ್ಯರ್, ವಿಲ್ಸನ್—ಈ ಮೂವರು ಅದರ ಸಂಪಾದಕರು. ಆ ಸಂಪುಟದ ಆದಿಯಲ್ಲಿ ಎರಡು ಚರಿತ್ರೆಗಳಿವೆ. ಒಂದನ್ನು ಶೇಷು ಅಯ್ಯರ್ ಮತ್ತು ದಿವಾನ್ ಬಹದ್ದೂರ್ ರಾಮಚಂದ್ರ ರಾವ್ ಅವರು ಬರೆದಿದ್ದಾರೆ. ಇವರಲ್ಲಿ ಮೊದಲಿನವರು ಕುಂಭಕೋಣದ ಕಾಲೇಜಿನಲ್ಲಿಯೇ ರಾಮಾನುಜನ್ನರನ್ನು ಬಲ್ಲವರು, ಎರಡನೆಯವರು ನೆಲ್ಲೂರಿನ ಕಲೆಕ್ಟರಾಗಿದ್ದು ಕಷ್ಟಕಾಲದಲ್ಲಿ ಕೈಹಿಡಿದವರು. ಇನ್ನೊಂದು ಹಾರ್ಡಿಯವರು 1921ರಲ್ಲಿ ಬರೆದ ನಿಧನಲೇಖ. ಇವೆರಡಕ್ಕೆ 1936ರಲ್ಲಿ ಹಾರ್ಡಿಯವರು ಹಾರ್ವರ್ಡಿನಲ್ಲಿ ಮಾಡಿದ ಉಪನ್ಯಾಸವನ್ನು ಸೇರಿಸಿದರೆ, ಮುಂದಿನ ಚರಿತ್ರಕಾರರೆಲ್ಲರೂ ನೀರು ಸೇದಿದ ಬಾವಿಗಳು ಇವೇ ಮೂರು. ಅಂದರೆ ಸಾಕ್ಷಿಗಳು ಎರಡು ಪಕ್ಷ: ಮದರಾಸಿನ ಹಿರಿಯರು ಒಂದು, ಕೇಂಬ್ರಿಜ್ಜಿನ ಹಾರ್ಡಿ ಮತ್ತೊಂದು.

ಈ ಎರಡು ಪಕ್ಷಗಳೂ ಪರಸ್ಪರ ವಿರುದ್ಧವಾಗಿ ನುಡಿಯುವ ಸ್ಥಳ ನಾಮಗಿರಿ ದೇವಿಯ ಪ್ರಸಂಗ. ನಾಮಕ್ಕಲ್ಲಿನ ದೇವಿ ಕನಸಿನಲ್ಲಿ ಸೂತ್ರಗಳನ್ನು ಅನುಗ್ರಹಿಸುತ್ತಿದ್ದಳೆಂದು ರಾಮಾನುಜನ್ನರೇ ಹೇಳುತ್ತಿದ್ದರೆಂಬುದು ಮದರಾಸಿನವರ ಮಾತು. ಇದು ಇಂದಿಗೂ ಎಲ್ಲರ ನಾಲಗೆಯ ಮೇಲಿದೆ. ಆದರೆ ಮೂಲವನ್ನು ತೆರೆದು ನೋಡಿದರೆ ಆ ಮಾತು ಅಲ್ಲಿಗೇ ನಿಲ್ಲುವುದಿಲ್ಲ. ಹಾಸಿಗೆಯಿಂದ ಎದ್ದೊಡನೆ ಅವರು ಫಲಗಳನ್ನು ಬರೆದುಕೊಂಡು ಬೇಗ ಬೇಗನೆ ತಾಳೆ ನೋಡುತ್ತಿದ್ದರು, ಕಟ್ಟುನಿಟ್ಟಾದ ಉಪಪತ್ತಿಯನ್ನು ಮಾತ್ರ ಯಾವಾಗಲೂ ಒದಗಿಸಲಾಗುತ್ತಿರಲಿಲ್ಲ ಎಂದು ಅದೇ ಸ್ಥಳದಲ್ಲಿ ಬರೆದಿದೆ. ಜನಜನಿತವಾದ ಕಥೆಯಲ್ಲಿ ಕನಸು ಉಳಿದು, ತಾಳೆ ನೋಡುವ ಕೆಲಸ ಬಿದ್ದುಹೋಯಿತು. ಬಿದ್ದುಹೋದ ಭಾಗವೇ ನಮಗೆ ಹೆಚ್ಚು ಬೆಲೆಯುಳ್ಳದ್ದಾಗಿ ತೋರುತ್ತದೆ. ನಮ್ಮ ನಾಡಿನ ಚರಿತ್ರೆಯನ್ನು ಓದುವವರಿಗೆ ಇಂಥದು ಹೊಸತಲ್ಲ. ಅರಸನೊಬ್ಬನ ವಿಷಯದಲ್ಲಿ ಕಾವ್ಯ ಹೇಳುವುದನ್ನು ಶಾಸನದೊಡನೆ ಹೋಲಿಸಿದಾಗ, ಕಾವ್ಯ ಸುಳ್ಳಾಡಿತೆನ್ನುವುದಕ್ಕಿಂತ, ನಡುವಿನ ಒಂದು ಸಂಗತಿಯನ್ನು ಬಿಟ್ಟು ಮುಂದಕ್ಕೆ ಹಾರಿತೆಂಬುದೇ ಅನೇಕ ವೇಳೆ ಕಂಡುಬರುತ್ತದೆ.

ಹಾರ್ಡಿಯವರು ಇದಕ್ಕೆ ತೀರ ವಿರುದ್ಧ. ರಾಮಾನುಜನ್ ಅನುಭಾವಿಯಲ್ಲ, ಆಹಾರದ ನಿಯಮವನ್ನು ಬಿಗಿಯಾಗಿ ಪಾಲಿಸಿದರೂ ಧರ್ಮವು ಅವರ ಬುದ್ಧಿಜೀವನದಲ್ಲಿ ಮುಖ್ಯವಾಗಿರಲಿಲ್ಲ, ಎಲ್ಲ ಧರ್ಮಗಳೂ ಹೆಚ್ಚುಕಡಿಮೆ ಒಂದೇ ಸಮನಾಗಿ ಸತ್ಯವೆಂದು ಅವರೇ ತಮಗೆ ಹೇಳಿದ್ದರು—ಇದು ಹಾರ್ಡಿಯವರ ಸಾಕ್ಷ್ಯ. ಸಾಕ್ಷಿ ಸತ್ಯವಂತರೆಂಬುದರಲ್ಲಿ ಸಂಶಯವಿಲ್ಲ. ಆದರೆ ಹಾರ್ಡಿಯವರು ಹೆಸರಾಂತ ನಿರೀಶ್ವರವಾದಿಗಳು. ತನ್ನನ್ನು ಕರೆಸಿಕೊಂಡ ಹಿರಿಯನ ಮನಸ್ಸನ್ನು ಬಲ್ಲ ಸಾಧುಸ್ವಭಾವದ ಅತಿಥಿಯೊಬ್ಬನು ಆತನ ಮುಂದೆ ದೇವರ ವಿಷಯವಾಗಿ ಎಷ್ಟು ಮಾತನಾಡಿಯಾನು? ಎಲ್ಲ ಧರ್ಮಗಳೂ ಸತ್ಯವೆಂಬ ಮಾತು ಇಂಗ್ಲೆಂಡಿನವನ ಕಿವಿಗೆ ಉದಾಸೀನದಂತೆ ಕೇಳಿಸಬಹುದು. ನಮ್ಮಲ್ಲಿ ಆ ಮಾತನ್ನು ಶ್ರದ್ಧಾವಂತರೇ ಆಡುತ್ತಾರೆ. ಆದುದರಿಂದ ಈ ವಿಷಯದಲ್ಲಿ ಎರಡು ಸಾಕ್ಷ್ಯಗಳೂ ಸಾಕ್ಷಿಗಳ ಮನೋಧರ್ಮವನ್ನು ತೋರಿಸುವಷ್ಟು ರಾಮಾನುಜನ್ನರ ಮನೋಧರ್ಮವನ್ನು ತೋರಿಸುವುದಿಲ್ಲವೆಂದು ನಾವು ಭಾವಿಸುತ್ತೇವೆ. ಸೂತ್ರಗಳು ಹೇಗೆ ಹುಟ್ಟಿದವೆಂಬುದಕ್ಕಂತೂ ಎರಡರಲ್ಲಿ ಯಾವುದೂ ಪ್ರಮಾಣವಾಗಲಾರದು.

ಸೂತ್ರಗಳು ಹುಟ್ಟಿದ ಬಗೆಯನ್ನು ಹೇಳಬಲ್ಲವರು ಒಬ್ಬರಿದ್ದರು; ಅವರನ್ನು ಕೇಳಬಲ್ಲವರೂ ಒಬ್ಬರಿದ್ದರು. ಹಾರ್ಡಿಯವರು ವರ್ಷಗಟ್ಟಲೆ ಹೆಚ್ಚುಕಡಿಮೆ ದಿನವೂ ರಾಮಾನುಜನ್ನರನ್ನು ಕಂಡು ಮಾತನಾಡುತ್ತಿದ್ದರು. ಆದರೂ ಯಾವ ಯಾವ ಗ್ರಂಥಗಳನ್ನು ಮದರಾಸಿನಲ್ಲಿ ಓದಿದ್ದೆ, ಈ ಪ್ರಮೇಯ ಹೇಗೆ ಹೊಳೆಯಿತು ಎಂಬಂಥ ಪ್ರಶ್ನೆಯನ್ನು ತಾವು ಕೇಳಿದ್ದೇ ಇಲ್ಲವೆನ್ನಬಹುದೆಂದು 1936ರಲ್ಲಿ ಅವರೇ ಒಪ್ಪಿಕೊಂಡಿದ್ದಾರೆ. ದಿನಕ್ಕೆ ಐದಾರು ಹೊಸ ಪ್ರಮೇಯಗಳನ್ನು ತಂದು ತೋರಿಸುತ್ತಿದ್ದವನನ್ನು ಹಳೆಯದರ ವಿಷಯವಾಗಿ ಪೀಡಿಸುವುದು ಹಾಸ್ಯಾಸ್ಪದವಾಗಿ ತೋರಿತಂತೆ. ಗಣಿತಜ್ಞರ ದೃಷ್ಟಿಯಿಂದ ಇದು ಸಹಜವೇ. ಆದರೆ ಒಂದು ಶತಮಾನದ ಊಹಾಪೋಹಗಳಿಗೆ ಕಾರಣ ಈ ಮೌನ. ಹಾರ್ಡಿಯವರ ದೊಡ್ಡತನವನ್ನೂ ಇಲ್ಲಿಯೇ ಹೇಳಬೇಕು: 1921ರ ತಮ್ಮ ಲೇಖನದ ಕೊನೆಯ ಮಾತುಗಳಲ್ಲಿ ಒಂದಂಶವನ್ನು ಬರಿಯ ಭಾವುಕತೆಯೆಂದು ಹದಿನೈದು ವರ್ಷಗಳ ಮೇಲೆ ಅವರೇ ತಳ್ಳಿಹಾಕಿದರು. ತನ್ನ ಹೇಳಿಕೆಯನ್ನು ತಾನೇ ತಿದ್ದಿಕೊಳ್ಳುವ ಸಾಕ್ಷಿ ಚರಿತ್ರಕಾರನಿಗೆ ಅಪರೂಪದ ಲಾಭ.

ಇನ್ನು, ಸ್ವಯಂ ರಾಮಾನುಜನ್ನರ ಕೈಬರಹವೆಂದು ಎಲ್ಲರೂ ಉದ್ಧರಿಸುವ 16 ಜನವರಿ 1913ರ ಪತ್ರವನ್ನು ನೋಡೋಣ. ತಾನು ಮದರಾಸಿನ ಪೋರ್ಟ್ ಟ್ರಸ್ಟಿನಲ್ಲಿ ವರ್ಷಕ್ಕೆ 20 ಪೌಂಡು ಸಂಬಳದ ಗುಮಾಸ್ತೆ, ವಯಸ್ಸು ಸುಮಾರು 23, ವಿಶ್ವವಿದ್ಯಾನಿಲಯದ ಶಿಕ್ಷಣ ತನಗಿಲ್ಲ ಎಂದು ಅದರಲ್ಲಿದೆ. ಜನನ 22 ಡಿಸೆಂಬರ್ 1887 ಆಗಿರುವುದರಿಂದ ಅಂದಿಗೆ ಅವರಿಗೆ ಇಪ್ಪತ್ತೈದು ತುಂಬಿತ್ತು. ಶಿಕ್ಷಣದ ಮಾತೂ ಪೂರ್ತಿ ಸರಿಯಲ್ಲ. ಅವರು ಕುಂಭಕೋಣದ ಸರಕಾರಿ ಕಾಲೇಜನ್ನೂ ಮದರಾಸಿನ ಪಚ್ಚೈಯಪ್ಪ ಕಾಲೇಜನ್ನೂ ಸೇರಿ, ಎಫ್.ಎ. ಪರೀಕ್ಷೆಯಲ್ಲಿ ಒಂದಕ್ಕಿಂತ ಹೆಚ್ಚು ಸಲ ತೇರ್ಗಡೆಯಾಗದೆ ಹೊರಬಂದವರು. ಪತ್ರದ ಇಂಗ್ಲಿಷು ಪೂರ್ತಿಯಾಗಿ ಅವರದಲ್ಲ, ಸ್ನೇಹಿತರ ನೆರವು ಇದ್ದಿತೆಂದು ಅವರೇ ಹೇಳಿದ ನೆನಪು ಎಂದು ಹಾರ್ಡಿಯವರೂ ಬರೆದಿದ್ದಾರೆ. ಈ ವ್ಯತ್ಯಾಸಗಳನ್ನು ಎತ್ತಿ ತೋರಿಸುವುದು ರಾಮಾನುಜನ್ನರ ಸತ್ಯಸಂಧತೆಯನ್ನು ಪ್ರಶ್ನಿಸುವುದಕ್ಕಲ್ಲ. ಅದು ಒಂದು ಬಿನ್ನಹಪತ್ರ. ಬಿನ್ನಹಪತ್ರಕ್ಕೆ ತನ್ನದೇ ಆದ ರೀತಿಯುಂಟು. ಅದನ್ನು ಆತ್ಮಚರಿತ್ರೆಯೆಂದು ಓದಿ, ‘ಶಾಲೆಯ ಓದಿನ ಒಬ್ಬಂಟಿ ಗುಮಾಸ್ತೆ’ ಎಂಬ ಚಿತ್ರವನ್ನು ಅದರಿಂದಲೇ ಬರೆದವರದು ತಪ್ಪು.

ಒಬ್ಬಂಟಿಯೆಂಬ ಮಾತಿನಲ್ಲಿಯೇ ಪ್ರಚಲಿತ ಕಥೆಯ ಮುಖ್ಯ ದೋಷವಿದೆಯೆಂದು ನಾವು ತಿಳಿಯುತ್ತೇವೆ. ಹಿತ್ತಲ ಗಿಡ ಮದ್ದಲ್ಲವೆಂಬ ಗಾದೆಗೆ ರಾಮಾನುಜನ್ನರನ್ನು ಉದಾಹರಣೆಯಾಗಿ ಕೊಡುವುದು ವಾಡಿಕೆ: ಇಲ್ಲಿಯವರು ಗುರುತಿಸಲಿಲ್ಲ, ಸಮುದ್ರದಾಚೆಯವರು ಗುರುತಿಸಿದರು ಎಂದು. ಕಾಲಾನುಕ್ರಮವನ್ನು ಮುಂದಿಟ್ಟುಕೊಂಡರೆ ಈ ಮಾತು ಅರ್ಧಮಟ್ಟಿಗೆ ಮಾತ್ರ ನಿಲ್ಲುತ್ತದೆ. 1907ರಲ್ಲಿ ಡೆಪ್ಯುಟಿ ಕಲೆಕ್ಟರ್ ರಾಮಸ್ವಾಮಿ ಅಯ್ಯರ್ ಅವರ ಪ್ರಯತ್ನದಿಂದ ಗಣಿತಪ್ರಿಯರ ಒಂದು ಸಂಘ ಹುಟ್ಟಿತು. ಮುಂದೆ ಅದೇ ಭಾರತೀಯ ಗಣಿತ ಸಂಘವಾಯಿತು. ರಾಮಾನುಜನ್ನರು 1910ರಲ್ಲಿ ಟಿಪ್ಪಣಿಪುಸ್ತಕಗಳನ್ನು ಕಂಕುಳಲ್ಲಿಟ್ಟುಕೊಂಡು ಹೋದದ್ದು ಮೊದಲು ಈ ರಾಮಸ್ವಾಮಿ ಅಯ್ಯರ್ ಅವರ ಬಳಿಗೆ, ಅಲ್ಲಿಂದ ಶೇಷು ಅಯ್ಯರ್ ಅವರ ಬಳಿಗೆ, ಅವರಿಂದ ಪತ್ರ ಪಡೆದು ರಾಮಚಂದ್ರ ರಾವ್ ಅವರ ಬಳಿಗೆ. ರಾಯರು ತಿಂಗಳಿಗೆ 25 ರೂಪಾಯಿಗಳನ್ನು ಕೈಯಿಂದ ಕೊಡತೊಡಗಿದರು. 1912ರ ಮಾರ್ಚಿಯಲ್ಲಿ ದೊರೆತ 30 ರೂಪಾಯಿಯ ನೌಕರಿಯೂ ಅಕಸ್ಮಾತ್ತಾಗಿ ಬಂದುದಲ್ಲ. ಪೋರ್ಟ್ ಟ್ರಸ್ಟಿನ ಹಿರಿಯ ಅಧಿಕಾರಿ ನಾರಾಯಣ ಅಯ್ಯರ್ ಅದೇ ಗಣಿತ ಸಂಘದವರು, ರಾತ್ರಿಯ ಹೊತ್ತು ರಾಮಾನುಜನ್ನರೊಡನೆ ಸ್ಲೇಟು ಹಿಡಿದು ಕುಳಿತುಕೊಳ್ಳುತ್ತಿದ್ದವರು.

ಸಂಘದ ಪತ್ರಿಕೆಯ ವಿಷಯವನ್ನು ಚರಿತ್ರಕಾರರು ಒಂದು ವಾಕ್ಯದಲ್ಲಿ ಮುಗಿಸುತ್ತಾರೆ. ಅದು ಅಷ್ಟಕ್ಕೆ ಮುಗಿಯುವ ವಿಷಯವಲ್ಲ. ಬರ್ನೂಲಿ ಸಂಖ್ಯೆಗಳನ್ನು ಕುರಿತ ಅವರ ಮೊದಲ ಲೇಖನ 1911ರಲ್ಲಿ ಅದರಲ್ಲಿ ಅಚ್ಚಾಯಿತು. ಆಗ ಸಂಪಾದಕರಾಗಿದ್ದವರು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಗಣಿತದ ಅಧ್ಯಾಪಕರಾಗಿದ್ದ ಎಂ. ಟಿ. ನಾರಾಯಣ ಅಯ್ಯಂಗಾರ್ಯರು. ಲೇಖಕರ ರೀತಿ ಅತಿ ಸಂಕ್ಷಿಪ್ತ, ನಿರೂಪಣೆ ಅಸ್ಪಷ್ಟ, ಸಾಮಾನ್ಯ ಓದುಗನಿಗೆ ಎಟುಕದು. ಹೀಗಾಗಿ ಹಸ್ತಪ್ರತಿ ಹಲವು ಸಲ ಅತ್ತಿಂದಿತ್ತ ಓಡಾಡಿದ ಮೇಲೆ ಅಚ್ಚಿಗೆ ಹೋಯಿತು. ಉಪಪತ್ತಿಯನ್ನು ಬೇರೊಬ್ಬರಿಗೆ ತಿಳಿಯುವಂತೆ ಬರೆಯಬೇಕೆಂಬ ಪಾಠವನ್ನು ರಾಮಾನುಜನ್ನರಿಗೆ ಮೊಟ್ಟಮೊದಲು ಹೇಳಿದವರು ಹಾರ್ಡಿಯವರೆಂಬ ಮಾತನ್ನು ಇದರಿಂದ ತಿದ್ದಿಕೊಳ್ಳಬೇಕಾಗುತ್ತದೆ. ಕನ್ನಡ ನಾಡಿನ ವಿದ್ಯಾಲಯವೊಂದರ ಅಧ್ಯಾಪಕರು ಪತ್ರಮುಖೇನ ಅದನ್ನು ಆಗಲೇ ಆರಂಭಿಸಿದ್ದರು.

ಹಣದ ಲೆಕ್ಕ ಇನ್ನೂ ಸ್ಪಷ್ಟವಾದ ಸಾಕ್ಷ್ಯ. 1913ರ ಮೇ ತಿಂಗಳಿನಿಂದ ಮದರಾಸು ವಿಶ್ವವಿದ್ಯಾನಿಲಯವು ರಾಮಾನುಜನ್ನರಿಗೆ ತಿಂಗಳಿಗೆ 75 ರೂಪಾಯಿಗಳ ಸಂಶೋಧನ ವೇತನವನ್ನು ಕೊಟ್ಟಿತು. ಪದವಿಯಿಲ್ಲದವನಿಗೆ, ಎಫ್.ಎ. ತೇರ್ಗಡೆಯಾಗದವನಿಗೆ ಕೊಟ್ಟಿತು, ಮೂರು ತಿಂಗಳಿಗೊಮ್ಮೆ ವರದಿ ಒಪ್ಪಿಸಬೇಕೆಂಬುದೊಂದೇ ಕಟ್ಟಳೆ. ಇದರ ಹಿಂದೆ ಹಾರ್ಡಿಯವರ ಉತ್ತರದ ಬಲವೂ, ಹವಾಮಾನ ಇಲಾಖೆಯ ಮುಖ್ಯಸ್ಥ ಗಿಲ್ಬರ್ಟ್ ವಾಕರರ ಶಿಫಾರಸಿನ ಬಲವೂ ಇದ್ದಿತೆಂಬುದು ನಿಜ. 1914ರಲ್ಲಿ ಇಂಗ್ಲೆಂಡಿಗೆ ಹೊರಟಾಗಲಾದರೋ ಮದರಾಸು ಕೊಟ್ಟದ್ದು ವರ್ಷಕ್ಕೆ 250 ಪೌಂಡು, ಅದರಲ್ಲಿ 50 ಮನೆಯವರ ಪೋಷಣೆಗೆ. ಟ್ರಿನಿಟಿ ಕಾಲೇಜು ಸೇರಿಸಿದ್ದು 60 ಪೌಂಡು. ಈ ಅಂಕಿಗಳು ಹಾರ್ಡಿಯವರ ಲೇಖನದಲ್ಲಿಯೇ ಇವೆ. ಇಂಗ್ಲೆಂಡು ಅವರನ್ನು ಸಾಕಿತೆಂದು ಬರೆಯುವವರು ಅದನ್ನು ಓದಿದಂತಿಲ್ಲ.

ಇಷ್ಟರಿಂದ ಮದರಾಸಿನ ವಿದ್ಯಾವ್ಯವಸ್ಥೆ ನಿರ್ದೋಷಿಯೆಂದು ಸಿದ್ಧವಾಗುವುದಿಲ್ಲ. ರಾಮಾನುಜನ್ನರ ದುರಂತವಿರುವುದು ಅಲ್ಪಾಯುಷ್ಯದಲ್ಲಲ್ಲ, ಐದು ವರ್ಷಗಳು ದಾರಿ ತಪ್ಪಿದುದರಲ್ಲಿ ಎಂದು ಹಾರ್ಡಿಯವರು ಕಟುವಾಗಿ ನುಡಿದಿದ್ದಾರೆ. 1904ರಲ್ಲಿ ಕೊಟ್ಟ ವಿದ್ಯಾರ್ಥಿವೇತನವನ್ನು, ಇಂಗ್ಲಿಷಿನಲ್ಲಿ ಕಡಿಮೆ ಅಂಕಗಳು ಬಂದುವೆಂದು ಕುಂಭಕೋಣದ ಕಾಲೇಜು ಕಿತ್ತುಕೊಂಡಿತು. ಆ ವರ್ಷಗಳಲ್ಲಿ ಅವರ ಕೈಯಲ್ಲಿದ್ದ ಮುಖ್ಯ ಗ್ರಂಥ ಕಾರ್ ಎಂಬಾತನ ಸಂಗ್ರಹ. ಸುಮಾರು ಐದು ಸಾವಿರ ಫಲಗಳ ಪಟ್ಟಿ, ಉಪಪತ್ತಿಗಳು ಹೆಸರಿಗಷ್ಟೇ. ಕಾಗದ ದುಬಾರಿಯಾದುದರಿಂದ ಲೆಕ್ಕ ಸ್ಲೇಟಿನ ಮೇಲೆ ನಡೆಯುತ್ತಿತ್ತು, ಮೊಣಕೈಯಿಂದ ಒರಸಿ ಫಲವನ್ನು ಮಾತ್ರ ಪುಸ್ತಕಕ್ಕೆ ಏರಿಸುತ್ತಿದ್ದರು. ಪುಸ್ತಕಗಳಲ್ಲಿ ಉಪಪತ್ತಿ ಕಾಣದಿರುವುದಕ್ಕೆ ಕಾರನ ಮಾದರಿ ಮತ್ತು ಕಾಗದದ ಬೆಲೆ ಇವೆರಡೇ ಸಾಕಾದ ಕಾರಣಗಳಾಗಿವೆ; ಅದಕ್ಕಾಗಿ ದೈವದವರೆಗೆ ಹೋಗಬೇಕಾದ ಅಗತ್ಯ ನಮಗೆ ತೋರುವುದಿಲ್ಲ. ಪವಾಡದ ಕಥೆಯಿಂದ ಇನ್ನೊಂದು ಅನನುಕೂಲವೂ ಉಂಟು. ದೈವದತ್ತವಾದ ಪ್ರತಿಭೆ ಹೇಗೂ ಬೆಳೆಯುತ್ತಿತ್ತೆಂದಾದರೆ ವಿದ್ಯಾರ್ಥಿವೇತನವನ್ನು ಕಿತ್ತುಕೊಂಡವರಿಗೆ ಹೊಣೆಯೇ ಇಲ್ಲವಾಗುತ್ತದೆ. ನಾವೂ ಪರೀಕ್ಷಕರ ವರ್ಗಕ್ಕೆ ಸೇರಿದವರಾದುದರಿಂದ ಈ ಮಾತನ್ನು ಸಂಕೋಚದಿಂದಲೇ ಬರೆಯುತ್ತಿದ್ದೇವೆ.

ಕೇಂಬ್ರಿಜ್ಜಿನ ಐದು ವರ್ಷಗಳ ವಿಷಯದಲ್ಲಿ ಒಂದೇ ಪ್ರಶ್ನೆಯನ್ನು ಎತ್ತಿಕೊಳ್ಳುತ್ತೇವೆ: ಜಂಟಿ ಕೃತಿಯಲ್ಲಿ ಯಾರ ಪಾಲು ಎಷ್ಟು? 4 ಎಂಬ ಸಂಖ್ಯೆಯನ್ನು ಕೂಡಿಕೆಯ ರೂಪದಲ್ಲಿ ಐದು ಬಗೆಯಾಗಿ ಒಡೆದು ಬರೆಯಬಹುದು: 4, 3+1, 2+2, 2+1+1, 1+1+1+1. ಸಂಖ್ಯೆ ದೊಡ್ಡದಾದಂತೆ ಈ ಬಗೆಗಳ ಎಣಿಕೆ ಊಹೆಗೆ ಮೀರಿ ಬೆಳೆಯುತ್ತದೆ. 200ಕ್ಕೆ ಅದು 3,972,999,029,388. ಇದನ್ನು ಮ್ಯಾಕ್‌ಮಹೋನರು ಕೈಯಿಂದ ಲೆಕ್ಕ ಹಾಕಿದ್ದರು. ಹಾರ್ಡಿ–ರಾಮಾನುಜನ್ನರ 1918ರ ಸೂತ್ರದಿಂದ ಎಂಟು ಪದಗಳನ್ನು ಕೂಡಿದರೆ ಬರುವ ಉತ್ತರಕ್ಕೂ ಇದಕ್ಕೂ ಇರುವ ಅಂತರ ಕೇವಲ 0.004. ಈ ಸೂತ್ರಕ್ಕೆ ತಂತ್ರ ಹಾರ್ಡಿಯವರದು, ಪ್ರೇರಣೆ ರಾಮಾನುಜನ್ನರದು ಎಂಬುದು ಸಾಮಾನ್ಯವಾದ ಹಂಚಿಕೆ. ಆದರೆ ಲಿಟಲ್‌ವುಡ್ಡರು 1929ರಲ್ಲಿ ಸಂಗ್ರಹ ಗ್ರಂಥವನ್ನು ವಿಮರ್ಶಿಸುವಾಗ, ಇಷ್ಟು ನಿಖರವಾದ ಸೂತ್ರವೊಂದು ಇದ್ದೇ ಇದೆ ಎಂಬ ದೃಢವಾದ ನಂಬಿಕೆ ರಾಮಾನುಜನ್ನರದೆಂದೂ, ಅದಿಲ್ಲದೆ ಮುಂದಿನ ಹೆಜ್ಜೆಗಳನ್ನಿಡುವುದೇ ಸಾಧ್ಯವಿರಲಿಲ್ಲವೆಂದೂ ಸೂಚಿಸಿದರು. ಮುಂದೆ 1937ರಲ್ಲಿ ರಾಡೆಮಾಕರರು ಅಂತರವೇ ಇಲ್ಲದ ಪೂರ್ಣ ಸೂತ್ರವನ್ನು ಕಂಡುಹಿಡಿದರು. 1913ರ ಮೊದಲ ಪತ್ರದಲ್ಲಿಯೇ ರಾಮಾನುಜನ್ನರು ಇದಕ್ಕೆ ಸಮೀಪದ ಒಂದು ಹೇಳಿಕೆಯನ್ನು ಬರೆದಿದ್ದರು. ಅದು ಬರೆದ ರೂಪದಲ್ಲಿ ತಪ್ಪಾಗಿದ್ದರೂ ಅವರ ಅತ್ಯಂತ ಫಲವತ್ತಾದ ಹೇಳಿಕೆಗಳಲ್ಲೊಂದೆಂದು ಹಾರ್ಡಿಯವರೇ ಎಣಿಸಿದ್ದಾರೆ. ಆ ಪತ್ರದ ರೂಪವನ್ನೇ ಹಿಡಿದು ಮುಂದುವರಿದಿದ್ದರೆ ಪೂರ್ಣ ಸೂತ್ರ ಅಂದೇ ಕೈಗೆ ಬರುತ್ತಿತ್ತು, ಹಾರ್ಡಿಯವರು ಅದನ್ನು ಸಾಕಷ್ಟು ನಂಬಲಿಲ್ಲ ಎಂಬುದು 1988ರಲ್ಲಿ ಸೆಲ್ಬರ್ಗರು ವ್ಯಕ್ತಪಡಿಸಿದ ಅಭಿಪ್ರಾಯ. ಗಣಿತಜ್ಞರಾದ ಅವರಿಗೆ ಇದನ್ನು ನಿರ್ಣಯಿಸುವ ಅಧಿಕಾರವುಂಟು. ಸಹಲೇಖಕನೇ ಮುಖ್ಯ ಚರಿತ್ರಕಾರನೂ ಆದಾಗ ಪಾಲಿನ ಲೆಕ್ಕವನ್ನು ಹೊರಗಿನವರು ಪುನಃ ನೋಡಬೇಕಾಗುತ್ತದೆಂಬಷ್ಟನ್ನು ಮಾತ್ರ ನಾವು ಹೇಳಬಲ್ಲೆವು. ಭಾರತದಲ್ಲಿ ಮಾಡಿದ ಕೆಲಸದಲ್ಲಿ ಸುಮಾರು ಮೂರನೆಯ ಎರಡು ಪಾಲು ಇತರರು ಆಗಲೇ ಕಂಡುಹಿಡಿದಿದ್ದುದರ ಪುನಶ್ಶೋಧವೆಂಬ ಹಾರ್ಡಿಯವರ ಅಂದಾಜಿಗೂ ಇದೇ ಗತಿಯಾಗಿದೆ. ಟಿಪ್ಪಣಿಪುಸ್ತಕಗಳ ಮೂರು ಸಾವಿರಕ್ಕೂ ಮೇಲ್ಪಟ್ಟ ಫಲಗಳನ್ನು ಒಂದೊಂದಾಗಿ ಪರೀಕ್ಷಿಸಿ 1985ರಿಂದ 1998ರವರೆಗೆ ಐದು ಸಂಪುಟಗಳನ್ನು ಹೊರತಂದ ಬ್ರೂಸ್ ಬರ್ಂಟರು, ಆ ಅಂದಾಜು ಹೆಚ್ಚಾಯಿತೆಂದು ಕಂಡುಕೊಂಡರು.

1729ರ ಪ್ರಸಂಗವೂ ಪುನರ್ವಿಚಾರಕ್ಕೆ ಅರ್ಹ. ಪಟ್ನಿಯಲ್ಲಿ ರೋಗಿಯಾಗಿದ್ದ ರಾಮಾನುಜನ್ನರನ್ನು ನೋಡಲು ಹೋದ ಹಾರ್ಡಿಯವರು ತಾವು ಬಂದ ಟ್ಯಾಕ್ಸಿಯ ಸಂಖ್ಯೆ ನೀರಸವಾದುದೆನ್ನಲು, ಎರಡು ಘನಗಳ ಮೊತ್ತವಾಗಿ ಎರಡು ಬಗೆಯಲ್ಲಿ ಬರೆಯಬಹುದಾದ ಅತಿ ಸಣ್ಣ ಸಂಖ್ಯೆ ಅದೇ ಎಂದು ಅವರು ಉತ್ತರಕೊಟ್ಟರು. ಇದನ್ನು ಕ್ಷಣದ ಸ್ಫೂರ್ತಿಯೆಂದು ಹೇಳುತ್ತ ಬಂದಿದ್ದೇವೆ. ಆದರೆ 1988ರಲ್ಲಿ ಯಥಾಪ್ರತಿಯಾಗಿ ಅಚ್ಚಾದ ಹಸ್ತಪ್ರತಿಗಳ 341ನೆಯ ಪುಟದಲ್ಲಿ, ಎರಡು ಘನಗಳ ಮೊತ್ತವು ಮೂರನೆಯ ಘನಕ್ಕಿಂತ ಒಂದೇ ಒಂದು ಹೆಚ್ಚು ಅಥವಾ ಕಡಿಮೆಯಾಗುವ ನಿದರ್ಶನಗಳ ಸಾಲಿದೆ. 6, 8, 9ರ ಜೊತೆಯಲ್ಲಿ 9, 10, 12 ಕೂಡ ಅಲ್ಲಿದೆ. 9ರ ಘನ 729, 10ರ ಘನ 1000. ಮೊತ್ತವಾದ 1729 ಹನ್ನೆರಡರ ಘನಕ್ಕಿಂತ ಒಂದು ಹೆಚ್ಚು. ಇಂಥ ಸಂಖ್ಯೆಗಳನ್ನು ಅನಂತವಾಗಿ ಉತ್ಪಾದಿಸುವ ವಿಧಾನವೇ ಆ ಪುಟದಲ್ಲಿದೆ. ಆಸ್ಪತ್ರೆಯ ಉತ್ತರ ವ್ಯವಸ್ಥಿತವಾದ ಪರಿಶ್ರಮವೊಂದರ ತುಣುಕೆಂಬುದನ್ನು ಇದು ತೋರಿಸುತ್ತದೆ.

ರೋಗದ ವಿಷಯದಲ್ಲಿ ಸಾಕ್ಷಿಗಳು ಮಿತಭಾಷಿಗಳು. 1917ರಲ್ಲಿ ಆರಂಭವಾದ ಕಾಯಿಲೆಯನ್ನು ಕ್ಷಯವೆಂದು ಅಂದು ಚಿಕಿತ್ಸೆ ಮಾಡಿದರು. ಹಳೆಯ ದಾಖಲೆಗಳನ್ನು ಪರಿಶೀಲಿಸಿ 1994ರಲ್ಲಿ ಡಿ. ಎ. ಬಿ. ಯಂಗ್ ಎಂಬ ವೈದ್ಯವಿದ್ವಾಂಸರು ಅದು ಅಮೀಬಾದಿಂದ ಯಕೃತ್ತಿಗೆ ಹತ್ತಿದ ರೋಗವಿರಬೇಕೆಂದು ವಾದಿಸಿದ್ದಾರೆ. 1918ರಲ್ಲಿ ರಾಮಾನುಜನ್ನರು ಲಂಡನ್ನಿನ ಭೂಗತ ರೈಲುನಿಲ್ದಾಣವೊಂದರಲ್ಲಿ ಪ್ರಾಣ ಕಳೆದುಕೊಳ್ಳಲು ಮುಂದಾಗಿದ್ದ ಸಂಗತಿ 1921ರ ಲೇಖನದಲ್ಲಿಲ್ಲ. ಹಾರ್ಡಿಯವರಿಂದ ಖಾಸಗಿಯಾಗಿ ಕೇಳಿದ್ದ ಖಗೋಳವಿಜ್ಞಾನಿ ಚಂದ್ರಶೇಖರರ ಮೂಲಕ ಅದು ಬಹುಕಾಲದ ಮೇಲೆ ಹೊರಬಂದಿತು. ಅಂದಿನ ಮೌನಕ್ಕೆ ದಾಕ್ಷಿಣ್ಯವೇ ಕಾರಣವಿರಬೇಕು. ಅದನ್ನು ನಾವು ದೂರುವುದಿಲ್ಲ.

ಕೊನೆಯದಾಗಿ, ಇದುವರೆಗಿನ ವಿಚಾರದಲ್ಲಿ ಬಾರದ ಒಬ್ಬ ಸಾಕ್ಷಿಯ ಮಾತು. 1919ರ ಮಾರ್ಚಿಯಲ್ಲಿ ಮುಂಬಯಿಗೆ ಬಂದಿಳಿದ ರಾಮಾನುಜನ್ನರು 26 ಏಪ್ರಿಲ್ 1920ರಂದು ಮದರಾಸಿನ ಚೇಟ್ಪೆಟ್ಟಿನಲ್ಲಿ ತೀರಿಕೊಂಡರು. ಆ ವರ್ಷವಿಡೀ ಹಾಸಿಗೆಯ ಬಳಿಯಿದ್ದವರು ಪತ್ನಿ ಜಾನಕಿ ಅಮ್ಮಾಳ್. ನೋವಿನ ನಡುವೆಯೂ ಅವರು ಲೆಕ್ಕ ಬರೆಯುತ್ತಲೇ ಇದ್ದರೆಂದು ಈಕೆ ಹೇಳಿದ್ದುಂಟು. ಅಂದಿನ ಹಾಳೆಗಳು ವಿಶ್ವವಿದ್ಯಾನಿಲಯದ ಕೈಸೇರಿ, 1923ರಲ್ಲಿ ಹಾರ್ಡಿಯವರಿಗೆ ಹೋದವು. ಹಾರ್ಡಿಯವರಿಂದ ವಾಟ್ಸನ್ನರಿಗೆ ಬಂದವು. 1965ರಲ್ಲಿ ವಾಟ್ಸನ್ನರು ಸತ್ತ ಮೇಲೆ ಅವರ ಕಾಗದಪತ್ರಗಳೊಡನೆ 1968ರಲ್ಲಿ ಟ್ರಿನಿಟಿಯ ಗ್ರಂಥಭಂಡಾರವನ್ನು ಸೇರಿದವು. 1976ರಲ್ಲಿ ಜಾರ್ಜ್ ಆಂಡ್ರೂಸರು ಅಲ್ಲಿ ಹುಡುಕುವಾಗ ಆರುನೂರಕ್ಕೂ ಹೆಚ್ಚು ಸೂತ್ರಗಳನ್ನು ಒಳಗೊಂಡ ಈ ಹಾಳೆಗಳು ಬೆಳಕಿಗೆ ಬಂದವು. ‘ಕಳೆದುಹೋದ ಪುಸ್ತಕ’ ಎಂಬ ಹೆಸರು ಅದಕ್ಕೆ ಬಿದ್ದಿದೆ. ಕಳೆದುಹೋಗಿರಲಿಲ್ಲ, ಬಲ್ಲವರ ಕಪಾಟುಗಳಲ್ಲಿಯೇ ಇದ್ದಿತು. ಜಾನಕಿ ಅಮ್ಮಾಳ್ ಅವರಾದರೋ ತಿರುವಲ್ಲಿಕ್ಕೇಣಿಯಲ್ಲಿ ಹೊಲಿಗೆ ಮಾಡಿ ಜೀವಿಸಿ, 1994ರವರೆಗೆ ಬದುಕಿದ್ದರು. 1921ರ ಲೇಖನದಲ್ಲಾಗಲಿ 1927ರ ಚರಿತ್ರೆಯಲ್ಲಾಗಲಿ ಅವರ ಮಾತು ಕಾಣಿಸುವುದಿಲ್ಲ.